ಒತ್ತಕ್ಷರದ ಮೇಲೆ ಹರಿಯುವ ಗೆರೆ

"ಗೆರಿ ಎಲ್ಲಿ ಬಂದ್ರೇನ್ರಿ, ಓದಾಕ ಬರ್ತದಲ್ಲ, ಸಾಕು ಬಿಡ್ರಿ." ಯಾದಗಿರಿ, ಶಹಾಪುರ, ಸುರಪುರಗಳ ಡಿಟಿಪಿ ಅಂಗಡಿಗಳಲ್ಲಿ, ಕಚೇರಿಗಳ ಟೈಪಿಂಗ್ ಮೇಜಿನ ಮುಂದೆ, ಕಾಲೇಜುಗಳ ಕಂಪ್ಯೂಟರ್ ಲ್ಯಾಬಿನಲ್ಲಿ ಈ ಮಾತು ಎಷ್ಟು ಸಲೀಸಾಗಿ ಬರುತ್ತದೆಂದರೆ, ಅದೂ ಒಂದು ನಿಲುವು, ಅದನ್ನು ಪ್ರಶ್ನಿಸಬಹುದು ಎಂಬುದು ಯಾರಿಗೂ ಹೊಳೆಯುವುದಿಲ್ಲ. ಕನ್ನಡ ಪದಕ್ಕೆ ಅಂಡರ್‌ಲೈನ್ ಹಾಕಿದರೆ ಆ ಗೆರೆ ಪದದ ಕೆಳಗೆ ಬೀಳುವುದಿಲ್ಲ. ಅಕ್ಷರಕ್ಕೂ ಅದರ ಒತ್ತಿಗೂ ನಡುವೆ ನುಗ್ಗುತ್ತದೆ, ಇಲ್ಲವೆ ಒತ್ತಿನ ಮೈಮೇಲೆಯೇ ಹಾದುಹೋಗುತ್ತದೆ. ಕಂಪ್ಯೂಟರ್ ಹಾಗೆ ತೋರಿಸುತ್ತದೆ, ಆದ್ದರಿಂದ ಹಾಗೆಯೇ ಇರಲಿ, ಕನ್ನಡವೇ ಹೊಂದಿಕೊಳ್ಳಲಿ ಎಂದು ಎಲ್ಲರೂ ಒಪ್ಪಿ ಕೂತಿದ್ದಾರೆ. ಈ ನಿಲುವು ತಪ್ಪು. ಬರೀ ತಪ್ಪಲ್ಲ, ಕೇಡಿನದು. ಇದನ್ನು ಒಪ್ಪಿಕೊಂಡ ಪ್ರತಿಯೊಬ್ಬರೂ ನಮ್ಮ ಬರಹವನ್ನು ಮಸುಕು ಮಾಡುವ ಕೆಲಸಕ್ಕೆ ಕೈಜೋಡಿಸುತ್ತಿದ್ದಾರೆ.

ಮೊದಲು ಅಕ್ಷರದ ಸಂಗತಿ ನೋಡೋಣ. ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಪಾದಗೆರೆಯಿಂದ ಕೆಳಗಿಳಿಯುವುದು ಜಿ, ಜೆ, ಪಿ, ಕ್ಯೂ, ವೈ ಎಂಬ ಐದೇ ಅಕ್ಷರ. ಇಳಿದರೂ ಅವುಗಳ ಬಾಲ ಮಾತ್ರ ಇಳಿಯುತ್ತದೆ. ಗೆರೆ ಆ ಬಾಲವನ್ನು ಕತ್ತರಿಸಿದರೂ ಅಕ್ಷರ ಯಾವುದೆಂದು ತಿಳಿಯುತ್ತದೆ. ಕನ್ನಡದಲ್ಲಿ ಪಾದದ ಕೆಳಗೆ ಇರುವುದು ಬಾಲವಲ್ಲ, ಪೂರ್ತಿ ವ್ಯಂಜನ. ಅಪ್ಪ, ಅವ್ವ, ಅಣ್ಣ, ಅಕ್ಕ, ತಮ್ಮ, ಅಜ್ಜ, ಅಜ್ಜಿ: ಮನೆಯ ಮಂದಿಯನ್ನೆಲ್ಲ ಕರೆಯುವಷ್ಟರಲ್ಲಿ ಏಳು ಒತ್ತು ಬಂದವು. ಕನ್ನಡ ಎಂದು ಬರೆದರೆ ಅಲ್ಲೂ ಒಂದು ಒತ್ತು. ಶರಣಪ್ಪ, ಮಲ್ಲಮ್ಮ, ಭೀಮಣ್ಣ ಎಂದು ನಮ್ಮ ಜನರ ಹೆಸರು ಬರೆದರೆ ಒತ್ತು. ಕಕ್ಕೇರಾ, ರುಕ್ಮಾಪುರ, ಹತ್ತಿಕುಣಿ, ದೋರನಹಳ್ಳಿ ಎಂದು ಊರ ಹೆಸರು ಬರೆದರೆ ಒತ್ತು. ಒತ್ತು ಮಾತ್ರವೂ ಅಲ್ಲ. ಸೈದಾಪುರದ ಐತ್ವದ ತುದಿ ಕೆಳಗೆ ಜೋತುಬೀಳುತ್ತದೆ, ಕೃಷ್ಣೆಯ ವಟ್ರಸುಳಿ ಕೆಳಗೆ ಇಳಿಯುತ್ತದೆ. ಕನ್ನಡದ ಓದು ನಡೆಯುವುದು ಎರಡು ಅಂತಸ್ತಿನಲ್ಲಿ. ಕೆಳಗಿನ ಅಂತಸ್ತಿನ ಮೇಲೆ ಗೆರೆ ಎಳೆದು, ಮೇಲಿನದು ಕಾಣುತ್ತದಲ್ಲ ಎಂದು ಹೇಳುವವರು ಅರ್ಧ ಬರಹವನ್ನು ಅಳಿಸಿಟ್ಟಿದ್ದಾರೆ.

"ಓದಾಕ ಬರ್ತದಲ್ಲ" ಎನ್ನುವವರಿಗೆ ನನ್ನ ಪ್ರಶ್ನೆ: ಯಾರಿಗೆ? ಪದವನ್ನು ಮೊದಲೇ ಬಲ್ಲವರಿಗೆ ಓದಲು ಬರುತ್ತದೆ, ಏಕೆಂದರೆ ಅವರು ಅಕ್ಷರ ನೋಡುವುದಿಲ್ಲ, ಪದವನ್ನು ಊಹಿಸುತ್ತಾರೆ. ಅರಿಯದವರ ಗತಿ ಏನು? ಒತ್ತು ಗೆರೆಯಲ್ಲಿ ಮುಚ್ಚಿಹೋದರೆ ಸುತ್ತ ಎಂಬುದು ಸುತ ಆಗುತ್ತದೆ, ಕತ್ತೆ ಕತೆಯಾಗುತ್ತದೆ, ಹಳ್ಳಿ ಹಳಿಯಾಗುತ್ತದೆ, ಪಟ್ಟ ಪಟವಾಗುತ್ತದೆ. 2011ರ ಜನಗಣತಿಯಲ್ಲಿ ಕರ್ನಾಟಕದ ಜಿಲ್ಲೆಗಳ ಪೈಕಿ ಸಾಕ್ಷರತೆ ಎಲ್ಲಕ್ಕಿಂತ ಕಡಿಮೆ ಇದ್ದದ್ದು ಯಾದಗಿರಿಯಲ್ಲಿ. ರಾಜ್ಯದ ಸರಾಸರಿ ಶೇಕಡಾ 75 ದಾಟಿದ್ದಾಗ ಇಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಓದು ಬರುತ್ತಿರಲಿಲ್ಲ. ಹೊಸದಾಗಿ ಅಕ್ಷರ ಕೂಡಿಸಿ ಓದುವವರು ಇಷ್ಟು ಮಂದಿ ಇರುವ ನೆಲದಲ್ಲಿ ಅತ್ಯಂತ ಸ್ವಚ್ಛವಾದ ಅಕ್ಷರ ಬೇಕಲ್ಲವೆ? ಅರ್ಜಿಯ ನಮೂನೆಯಲ್ಲಿ, ಯೋಜನೆಯ ಪ್ರಕಟಣೆಯಲ್ಲಿ, ಆಸ್ಪತ್ರೆಯ ಸೂಚನೆಯಲ್ಲಿ ಅಡಿಗೆರೆ ಬೀಳುವುದು ಯಾವ ಪದಕ್ಕೆ? ಎಲ್ಲಕ್ಕಿಂತ ಮುಖ್ಯವಾದ ಪದಕ್ಕೆ. ಕೊನೆಯ ದಿನಾಂಕದ ಸಾಲಿಗೆ, ಎಚ್ಚರಿಕೆಯ ಮಾತಿಗೆ, ಕಡ್ಡಾಯ ಎಂಬ ಶಬ್ದಕ್ಕೆ. ಎದ್ದು ಕಾಣಲಿ ಎಂದು ಹಾಕಿದ ಗೆರೆಯೇ ಆ ಪದವನ್ನು ಓದಗೊಡದಂತೆ ಮಾಡುತ್ತದೆ. ಇದನ್ನು ಸಣ್ಣ ಮಾತು ಎನ್ನುವವರು ಅಕ್ಷರವನ್ನು ಬೆರಳಿಟ್ಟು ಓದುವ ತಾಯಿಯೊಬ್ಬಳ ಪಕ್ಕದಲ್ಲಿ ಕೂತು ಹೇಳಲಿ.

ಎರಡನೆಯ ಅನ್ಯಾಯ ಕಾಗುಣಿತ ತಿದ್ದುವ ತಂತ್ರಾಂಶದ ಕೆಂಪು ಅಲೆಗೆರೆಯದು. ಕನ್ನಡ ಬರೆಯುವಾಗ ತಪ್ಪುಗಳು ಹೆಚ್ಚಾಗಿ ಆಗುವುದು ಎಲ್ಲಿ? ಒತ್ತಿನಲ್ಲಿ ಮತ್ತು ಅಲ್ಪಪ್ರಾಣ ಮಹಾಪ್ರಾಣಗಳಲ್ಲಿ. ಪ ಮತ್ತು ಫ, ಬ ಮತ್ತು ಭ, ದ ಮತ್ತು ಧ, ಡ ಮತ್ತು ಢ, ಇವನ್ನು ಬೇರೆ ಮಾಡುವ ಪುಟ್ಟ ಸೀಳು ಇರುವುದೂ ಅಕ್ಷರದ ಬುಡದಲ್ಲೇ. ಅಂದರೆ ತಪ್ಪಿದೆ ಎಂದು ತೋರಿಸಲು ಬಂದ ಗೆರೆ, ತಪ್ಪು ಇರುವ ಜಾಗವನ್ನೇ ಮುಚ್ಚಿ ಕೂರುತ್ತದೆ. ಗೆರೆ ಬಿತ್ತು, ತಪ್ಪು ಯಾವುದೆಂದು ಕಾಣಲಿಲ್ಲ. ಅದರ ಮೇಲೆ ನಮ್ಮ ಊರುಗಳ ಹೆಸರು, ನಮ್ಮ ಕಡೆಯ ಮಾತು ಆ ಪದಪಟ್ಟಿಗಳಲ್ಲಿ ಇಲ್ಲದ ಕಾರಣ ಸರಿಯಾದ ಪದಗಳ ಬುಡಕ್ಕೂ ಕೆಂಪು ಹರಿಯುತ್ತದೆ. ಪುಟ ತುಂಬ ಕೆಂಪು ಕಂಡ ಬರಹಗಾರ ಏನು ಮಾಡುತ್ತಾನೆ? ತಿದ್ದುವ ಸೌಲಭ್ಯವನ್ನೇ ಬಂದ್ ಮಾಡುತ್ತಾನೆ. ಆಮೇಲೆ ಕನ್ನಡದಲ್ಲಿ ಕಾಗುಣಿತ ತಪ್ಪು ಹೆಚ್ಚಾಯಿತೆಂದು ವೇದಿಕೆಯ ಮೇಲೆ ಕಳವಳ ಪಡುವವರು ಈ ಕಾರಣವನ್ನು ಎಂದಾದರೂ ಎತ್ತಿದ್ದಾರೆಯೆ?

ಹೊಡೆದುಹಾಕುವ ಗೆರೆಯ ಪಾಡೂ ಬೇರೆಯಲ್ಲ. ಗ್ರಾಮ ಪಂಚಾಯ್ತಿಯ ಠರಾವಿನ ಕರಡಿನಲ್ಲಿ ಒಂದು ಸಾಲು ಬಿಟ್ಟು ಇನ್ನೊಂದು ಸೇರಿಸಿದರೆ, ಬಿಟ್ಟ ಸಾಲು ಏನಿತ್ತು ಎಂಬುದು ಓದಲು ಸಿಗಬೇಕು. ದಾಖಲೆಯಲ್ಲಿ ಗೀಟು ಹಾಕುವುದರ ಅರ್ಥವೇ ಅದು. ಕನ್ನಡದ ದುಂಡಗಿನ ಅಕ್ಷರಗಳನ್ನು ಒಂದರಿಂದ ಒಂದನ್ನು ಬೇರೆ ಮಾಡುವ ಸುಳಿ, ಕೊಂಡಿ, ಸೀಳುಗಳ ಮೇಲೆ ಅಕ್ಷರದ್ದೇ ಬಣ್ಣದ ಕಪ್ಪು ಗೀಟು ಹಾದರೆ ಅದು ಅಳಿಸಿದಂತೆಯೇ. ಅಕ್ಷರದ ಮೇಲೆ ಎಳೆಯುವ ಗೆರೆ ತಲೆಕಟ್ಟಿಗೆ ಅಂಟಿಕೊಳ್ಳುತ್ತದೆ. ಹೀಗೆ ಮೇಲೆ, ನಡುವೆ, ಕೆಳಗೆ ಮೂರೂ ಕಡೆ ಇನ್ನೊಂದು ಲಿಪಿಯ ಅಳತೆಯನ್ನು ನಮ್ಮ ಲಿಪಿಯ ಮೇಲೆ ಹೇರಲಾಗಿದೆ. ನಾವು ಅದನ್ನು ನಿಸರ್ಗದ ನಿಯಮ ಎಂಬಂತೆ ಸ್ವೀಕರಿಸಿದ್ದೇವೆ.

ಅದು ನಿಸರ್ಗದ ನಿಯಮವಲ್ಲ ಎಂಬುದಕ್ಕೆ ಸಾಕ್ಷಿ ಬೇಕಾದರೆ ನಮ್ಮದೇ ಅಚ್ಚುಮನೆಗಳ ಕಾಲಕ್ಕೆ ಹೋಗಿ. ಮೊಳೆ ಜೋಡಿಸುವವರು ಪದಕ್ಕೆ ಅಡಿಗೆರೆ ಕೊಡಬೇಕಾದರೆ ಲೋಹದ ಗೆರೆಪಟ್ಟಿಯನ್ನು ಸಾಲಿನ ಕೆಳಗೆ ಬೇರೆಯಾಗಿ ಕೂರಿಸುತ್ತಿದ್ದರು. ಸೀಸದ ಒತ್ತಿನ ಮೇಲೆ ಇನ್ನೊಂದು ಲೋಹ ಹಾಯಲು ಸಾಧ್ಯವೇ ಇರಲಿಲ್ಲ. ಒತ್ತು ಮುಗಿದ ಮೇಲೆಯೇ ಗೆರೆ. ಕೈಬರಹದಲ್ಲೂ ಹಾಗೆ. ಪ್ರಾಥಮಿಕ ಶಾಲೆಯಲ್ಲಿ ಪಾಠದ ಹೆಸರಿನ ಕೆಳಗೆ ಪಟ್ಟಿ ಇಟ್ಟು ಗೆರೆ ಹೊಡೆಯುವ ಮಗು ಒತ್ತಿನ ಮೇಲೆ ಹೊಡೆದರೆ ಮಾಸ್ತರು ತಿದ್ದುತ್ತಾರೆ. ಶಾಸನ ಕೆತ್ತುವವರು ಕಲ್ಲಿನ ಸಾಲುಗಳ ನಡುವೆ ಒತ್ತಿಗೆ ಜಾಗ ಬಿಟ್ಟರು, ಓಲೆಗರಿಯಲ್ಲಿ ಬರೆದವರು ಬಿಟ್ಟರು. ಸಾವಿರ ವರ್ಷ ಮೀರಿ ಪಾಲಿಸಿಕೊಂಡು ಬಂದ ಒಂದು ಶಿಸ್ತನ್ನು ಮುರಿದದ್ದು ಕಂಪ್ಯೂಟರಿನ ಪರದೆ. ಮುರಿದದ್ದನ್ನು ಪ್ರಗತಿ ಎಂದು ಒಪ್ಪಿಕೊಂಡವರು ನಾವು.

ಇಲ್ಲಿಗೆ ಬಂದಾಗ ಸಾಮಾನ್ಯವಾಗಿ ಎದುರಾಗುವ ವಾದ ಒಂದಿದೆ: ಅದು ಸಾಫ್ಟ್‌ವೇರ್ ಒಳಗಿನ ವಿಷಯ, ನಮ್ಮ ಕೈಯಲ್ಲಿ ಏನಿದೆ? ಈ ವಾದ ಸುಳ್ಳು. ಎಲ್ಲವೂ ನಮ್ಮ ಕೈಯಲ್ಲೇ ಇರುವಂಥ ಸಾಧನಗಳು ಇವೆ, ಹಣ ಕೊಡದೆ ಸಿಗುತ್ತವೆ, ದಶಕಗಳಿಂದ ಇವೆ. ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕವನ್ನೇ ನೋಡಿ. ಅದರ ಮೊದಲ ರೂಪ 1976ರಲ್ಲಿ ಎಂಐಟಿಯ ಪ್ರಯೋಗಾಲಯದಲ್ಲಿ ಹುಟ್ಟಿತು. ರಿಚರ್ಡ್ ಸ್ಟಾಲ್ಮನ್ ಕಟ್ಟಿದ ಗ್ನೂ ಈಮ್ಯಾಕ್ಸ್ 1985ರಲ್ಲಿ ಹೊರಬಂತು. ಅದರ ವರ್ತನೆಯ ಬಹುಭಾಗವನ್ನು ಲಿಸ್ಪ್ ಎಂಬ ಭಾಷೆಯಲ್ಲಿ ಬರೆದಿದ್ದಾರೆ. ಬಳಸುವವರು ಅದೇ ಭಾಷೆಯಲ್ಲಿ ಎರಡು ಸಾಲು ಬರೆದು ಆ ವರ್ತನೆಯನ್ನು ಬದಲಿಸಬಹುದು. ಕನ್ನಡ ಅದಕ್ಕೆ ಹೊಸದಲ್ಲ. ಅದರೊಳಗಿನ ನಮಸ್ಕಾರಗಳ ಪಟ್ಟಿಯಲ್ಲಿ ಜಗತ್ತಿನ ಹತ್ತಾರು ಭಾಷೆಗಳ ಜೊತೆ ಕನ್ನಡದ ನಮಸ್ಕಾರವೂ ಇದೆ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಕನ್ನಡ ಟೈಪಿಸುವ ವ್ಯವಸ್ಥೆ ಒಳಗೇ ಇದೆ. 2020ರಲ್ಲಿ ಬಂದ 27ನೇ ಆವೃತ್ತಿಯಿಂದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ ಹಾರ್ಫ್‌ಬಜ್ ತಂತ್ರಾಂಶವನ್ನು ಅದು ಬಳಸುತ್ತಿದೆ.

ಈಮ್ಯಾಕ್ಸ್‌ನಲ್ಲಿ ಪದದ ಅಲಂಕಾರವೆಲ್ಲ ಫೇಸ್ ಎಂಬ ಹೆಸರಿನ ಗುಣಪಟ್ಟಿಯಲ್ಲಿ ಇರುತ್ತದೆ. ಕೊಂಡಿಗೆ (ಲಿಂಕಿಗೆ) ಒಂದು ಫೇಸ್, ಕಾಗುಣಿತ ತಪ್ಪಿಗೆ ಒಂದು, ಶೀರ್ಷಿಕೆಗೆ ಒಂದು. ಅಡಿಗೆರೆ ಬೇಕೋ ಬೇಡವೋ, ನೇರವೋ ಅಲೆಯೋ, ಯಾವ ಬಣ್ಣ, ಯಾವ ಮಟ್ಟದಲ್ಲಿ, ಎಲ್ಲವನ್ನೂ ಅಲ್ಲಿ ಹೇಳಬಹುದು. ಮೊದಲಿನಿಂದ ಇರುವ ಏರ್ಪಾಡಿನಲ್ಲಿ ಗೆರೆ ಫಾಂಟ್ ಹೇಳಿದ ಜಾಗದಲ್ಲಿ ಬೀಳುತ್ತದೆ. 'ಎಕ್ಸ್-ಅಂಡರ್‌ಲೈನ್-ಅಟ್-ಡಿಸೆಂಟ್-ಲೈನ್' ಎಂಬ ಒಂದೇ ಒಂದು ಆಯ್ಕೆಯನ್ನು ಚಾಲೂ ಮಾಡಿದರೆ ಗೆರೆ ಅಕ್ಷರದ ಪಾದ ಬಿಟ್ಟು, ಫಾಂಟಿನ ಇಳುಕಲು ಮುಗಿಯುವ ಮಟ್ಟಕ್ಕೆ, ಒತ್ತಿಗೆ ಬಿಟ್ಟ ಜಾಗದ ತಳಕ್ಕೆ ಇಳಿಯುತ್ತದೆ. ಸಾಲಿನ ನಡುವಿನ ಅಂತರ ಹೆಚ್ಚಿಸಿದ್ದರೆ ಇನ್ನೂ ಅಷ್ಟು ಕೆಳಗೆ ಹೋಗುತ್ತದೆ. 'ಅಂಡರ್‌ಲೈನ್-ಮಿನಿಮಮ್-ಆಫ್‌ಸೆಟ್' ಎಂಬುದರಲ್ಲಿ ಪಾದಕ್ಕೂ ಗೆರೆಗೂ ಕನಿಷ್ಠ ಎಷ್ಟು ಪಿಕ್ಸೆಲ್ ಅಂತರ ಇರಬೇಕೆಂದು ಅಂಕಿಯಲ್ಲೇ ಹೇಳಬಹುದು. ಎಲ್ಲ ಕಡೆ ಬೇಡ, ಒಂದೇ ಫೇಸ್‌ಗೆ ಸಾಕು ಎಂದರೆ ಆ ಫೇಸ್‌ನ ಅಡಿಗೆರೆಗೆ ಮಾತ್ರ ಸ್ಥಾನ ಗೊತ್ತುಮಾಡಬಹುದು. ಹೊಡೆದುಹಾಕುವ ಗೀಟಿಗೆ ತೆಳು ಬೂದು ಬಣ್ಣ ಕೊಟ್ಟರೆ ಅಕ್ಷರ ಅದರಡಿ ಓದಲು ಸಿಗುತ್ತದೆ. ಕಾಗುಣಿತ ತಪ್ಪಿಗೆ ಅಲೆಗೆರೆಯನ್ನೇ ತೆಗೆದುಹಾಕಿ ಪದದ ಹಿಂದೆ ತಿಳಿಹಳದಿ ಹಿನ್ನೆಲೆ ಇಟ್ಟರೆ ಒತ್ತು, ಸೀಳು ಎಲ್ಲ ನಿಚ್ಚಳ. ಕೆಂಪು ಹಸಿರು ಬೇರೆಯಾಗಿ ಕಾಣದ ಕಣ್ಣಿನವರಿಗೂ ಅದು ಅನುಕೂಲ.

ಇಷ್ಟಕ್ಕೇ ನಿಲ್ಲಬೇಕಿಲ್ಲ. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಸ್ಥಾನಗಳ ಬೇರೆ ಪಟ್ಟಿ ಇದೆ. ಆ ಪಟ್ಟಿಯೊಳಗಿನ ಅಕ್ಷರ ಬಂದಲ್ಲಿ ಒಂದು ಬಗೆಯ ಅಲಂಕಾರ, ಹೊರಗಿನದು ಬಂದಲ್ಲಿ ಇನ್ನೊಂದು ಎಂದು ನಿಯಮ ಬರೆಯಬಹುದು. ಪರದೆಯ ಮೇಲಿನ ಯಾವ ಅಕ್ಷರ ಯಾವ ಫಾಂಟಿನಿಂದ ಬಂತು, ಅದಕ್ಕೆ ಯಾವ ಫೇಸ್ ಹತ್ತಿದೆ ಎಂದು ಈಮ್ಯಾಕ್ಸನ್ನೇ ಕೇಳಿದರೆ ಅದು ಹೇಳುತ್ತದೆ. ಕೈಪಿಡಿ ಅದರೊಳಗೇ ಇದೆ, ಅಂತರ್ಜಾಲ ಬೇಕಿಲ್ಲ. ಶಹಾಪುರದ ಡಿಗ್ರಿ ವಿದ್ಯಾರ್ಥಿ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದಾದ ಸಂಗತಿ ಇದು. ಹಾಗಿದ್ದಮೇಲೆ "ನಮ್ಮ ಕೈಯಲ್ಲಿ ಏನಿದೆ" ಎಂಬ ಮಾತು ಅಸಹಾಯಕತೆಯದಲ್ಲ, ಸೋಮಾರಿತನದ್ದು.

ಸಂಪಾದಕ ಬಿಟ್ಟು ವೆಬ್ ಪುಟಕ್ಕೆ ಬನ್ನಿ. ಪುಟದ ವಿನ್ಯಾಸ ಹೇಳುವ ಸಿಎಸ್‌ಎಸ್ ಭಾಷೆಯಲ್ಲಿ ಅಡಿಗೆರೆಯನ್ನು ಒತ್ತುಗಳ ಕೆಳಗೆ ಇಳಿಸುವ ಸೂಚನೆ ಇದೆ, ಅದರ ದೂರ ಮತ್ತು ದಪ್ಪ ಹೇಳುವ ಸೂಚನೆಗಳಿವೆ. ಅವನ್ನು ಬಳಸದೆ ಬಿಟ್ಟಾಗ ಇಂದಿನ ಬ್ರೌಸರ್‌ಗಳು ಏನು ಮಾಡುತ್ತವೆ? ಅಕ್ಷರದ ಮೈ ಅಡ್ಡಬಂದಲ್ಲಿ ಗೆರೆಯನ್ನು ಕತ್ತರಿಸಿ ಮುಂದೆ ಹೋಗುತ್ತವೆ. ಇಂಗ್ಲಿಷಿನಲ್ಲಿ ಅಲ್ಲೊಂದು ಇಲ್ಲೊಂದು ತುಂಡು ಬೀಳುತ್ತದೆ. ಕನ್ನಡದಲ್ಲಿ ಗೆರೆ ಚೂರುಚೂರಾಗಿ ಉಳಿಯುತ್ತದೆ, ಆ ಚೂರುಗಳೇ ಹೊಸ ಒತ್ತುಗಳಂತೆ ಕಾಣುತ್ತವೆ. ಫಾಂಟಿನ ಒಳಗೂ ಅಡಿಗೆರೆ ಎಲ್ಲಿ ಬೀಳಬೇಕು, ಎಷ್ಟು ದಪ್ಪ ಇರಬೇಕು ಎಂದು ಹೇಳುವ ಎರಡು ಅಂಕಿಗಳಿರುತ್ತವೆ. ಇಡೀ ಫಾಂಟಿಗೆ ಅವೇ ಅಂಕಿ. ಕನ್ನಡ ಫಾಂಟ್ ಮಾಡುವವರು ಆ ಅಂಕಿಯನ್ನು ಒತ್ತಿನ ಆಳ ಅಳೆದು ಬರೆದರೆ, ಆ ಅಂಕಿಯನ್ನು ಕೇಳಿ ನಡೆಯುವ ಎಲ್ಲ ತಂತ್ರಾಂಶಗಳಲ್ಲೂ ಗೆರೆ ತಾನಾಗಿ ಕೆಳಗೆ ಇಳಿಯುತ್ತದೆ. ಇಂಗ್ಲಿಷಿನ ಅಳತೆಯ ಅಂಕಿ ಉಳಿದುಕೊಂಡ ಕನ್ನಡ ಫಾಂಟನ್ನು ಕನ್ನಡದ ಸೇವೆ ಎಂದು ಬಿಡುಗಡೆ ಮಾಡುವುದು ಅರ್ಧ ಕೆಲಸ. ಅದನ್ನು ಚಪ್ಪಾಳೆ ತಟ್ಟಿ ಸ್ವೀಕರಿಸುವುದು ನಮ್ಮ ತಪ್ಪು.

ಇನ್ನೊಂದು ವಾದ ಇನ್ನೂ ಅಪಾಯಕಾರಿ. "ಇವೆಲ್ಲ ಬೆಂಗಳೂರಿನ ಎಂಜಿನಿಯರುಗಳ ಉಸಾಬರಿ, ನಮ್ಮ ಹುಡುಗರಿಗೆ ಎಂ.ಎಸ್. ಆಫೀಸ್ ಬಂದರೆ ಸಾಕು." ಈ ಮಾತಿನ ಹಿಂದೆ ನಮ್ಮ ಜಿಲ್ಲೆಯ ಮಕ್ಕಳ ಬಗ್ಗೆ ಇರುವ ತಿರಸ್ಕಾರವನ್ನು ಗಮನಿಸಿ. ಸಾಧನವನ್ನು ಮಾಡುವವರು ಬೇರೆ, ಬಳಸುವವರು ಬೇರೆ, ಯಾದಗಿರಿಯವರು ಎಂದೆಂದಿಗೂ ಬಳಸುವವರ ಸಾಲಿನಲ್ಲೇ ನಿಲ್ಲತಕ್ಕದ್ದು ಎಂಬ ತೀರ್ಪು ಇದು. ಹೊಲಕ್ಕೆ ಹೋಗಿ ನೋಡಿ. ತೊಗರಿಗೆ ಬೇರೆ, ಜೋಳಕ್ಕೆ ಬೇರೆ ಅಂತರ ಇಟ್ಟು ಕೂರಿಗೆಯ ತಾಳು ಹೊಂದಿಸದೆ ಸಗರನಾಡು ಎನ್ನುವ ನಮ್ಮ ಈ ಸೀಮೆಯ ಯಾವ ರೈತ ಬಿತ್ತುತ್ತಾನೆ? ಎರೆ ಹೊಲಕ್ಕೆ ಎಷ್ಟು ಆಳ, ಮಸಾರಿಗೆ ಎಷ್ಟು ಎಂದು ಲೆಕ್ಕ ಹಾಕದೆ ಯಾರು ಬೀಜ ಬಿಡುತ್ತಾರೆ? ನೆಲ ನೋಡಿ ಸಾಧನ ಹೊಂದಿಸುವ ವಿವೇಕ ತಲೆಮಾರುಗಳಿಂದ ಇರುವ ಮನೆಯ ಮಕ್ಕಳಿಗೆ, ಪರದೆಯ ಮುಂದೆ ಕೂತ ಕೂಡಲೆ, ಕೊಟ್ಟದ್ದನ್ನು ಮುಟ್ಟಬೇಡ ಎಂದು ಕಲಿಸುತ್ತಿದ್ದೇವೆ.

ಕಲಿಸುವ ರೀತಿಯಲ್ಲೇ ಈ ರೋಗದ ಬೇರು ಇದೆ. ಊರೂರಿನ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ನಡೆಯುವುದು ಬಟನ್‌ಗಳ ಪಾಠ. ದಪ್ಪಕ್ಕೆ ಇದು ಒತ್ತು, ಓರೆಗೆ ಅದು ಒತ್ತು, ಅಡಿಗೆರೆಗೆ ಇನ್ನೊಂದು. ಆ ಗೆರೆ ಎಲ್ಲಿ ಬಿತ್ತು, ಯಾಕೆ ಅಲ್ಲಿ ಬಿತ್ತು, ಬೇರೆ ಕಡೆ ಬೀಳುವಂತೆ ಮಾಡುವುದು ಹೇಗೆ ಎಂಬ ಪ್ರಶ್ನೆಗೆ ಪಾಠದಲ್ಲಿ ಜಾಗ ಇಲ್ಲ. ಸರ್ಕಾರಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಕಡ್ಡಾಯ ಮಾಡುವ ನಿಯಮ 2012ರಲ್ಲಿ ಬಂತು. ಕನ್ನಡದ ಪತ್ರವನ್ನು ಒತ್ತು ಮುಚ್ಚದಂತೆ ಸಿದ್ಧಪಡಿಸುವುದು ಆ ಸಾಕ್ಷರತೆಯ ಭಾಗ ಆಗಬೇಡವೆ? ಆಡಳಿತ ಭಾಷೆ ಕನ್ನಡ ಎಂದಮೇಲೆ ಕನ್ನಡದ ಪುಟ ಓದುವಂತಿರಬೇಕು ಎಂಬುದು ಅದರೊಳಗೇ ಬರುವುದಿಲ್ಲವೆ? ಟೈಪಿಂಗ್ ವೇಗಕ್ಕೆ ಅಂಕ ಕೊಟ್ಟು, ಟೈಪಿಸಿದ್ದು ಕಣ್ಣಿಗೆ ಹೇಗೆ ಕಾಣುತ್ತದೆ ಎಂಬುದಕ್ಕೆ ಬೆಲೆಯೇ ಕೊಡದಿದ್ದರೆ ಆ ಪುಟಗಳು ಯಾರಿಗಾಗಿ ತಯಾರಾಗುತ್ತಿವೆ?

ಮೂರನೆಯ ವಾದ ಪಂಡಿತರದು. ಅಡಿಗೆರೆ ಕನ್ನಡದ ಪದ್ಧತಿಯೇ ಅಲ್ಲ, ಅದು ಇಂಗ್ಲಿಷ್ ಟೈಪ್‌ರೈಟರಿನಿಂದ ಬಂದದ್ದು, ಬಿಟ್ಟುಬಿಡಿ, ಅಕ್ಷರ ದಪ್ಪ ಮಾಡಿ ಎನ್ನುತ್ತಾರೆ. ಬಿಡುವುದು ಹೇಗೆ? ಕೊಂಡಿಗಳ ಕೆಳಗಿನ ಗೆರೆ, ಕಾಗುಣಿತ ತಪ್ಪಿನ ಗೆರೆ, ಕರಡಿನಲ್ಲಿ ಸೇರಿಸಿದ ಮಾತಿನ ಗೆರೆ, ಇವು ಬರೆಯುವವರು ಬೇಡ ಎಂದರೂ ಬರುತ್ತವೆ. ಒತ್ತಕ್ಷರಗಳನ್ನು ದಪ್ಪ ಮಾಡಿದರೆ ಸಣ್ಣ ಅಳತೆಯಲ್ಲಿ ಅವುಗಳ ಒಳಗಿನ ಬಯಲು ಮುಚ್ಚಿಹೋಗುತ್ತದೆ ಎಂಬುದನ್ನು ಕರಪತ್ರ ಅಚ್ಚು ಹಾಕುವ ಯಾರನ್ನು ಕೇಳಿದರೂ ಹೇಳುತ್ತಾರೆ. ಜಪಾನೀಯರು ಏನು ಮಾಡಿದರು ನೋಡಿ. ಅವರ ಬರಹದಲ್ಲಿ ಒತ್ತುಕೊಟ್ಟು ಹೇಳಬೇಕಾದ ಪದದ ಅಕ್ಷರಗಳ ಪಕ್ಕದಲ್ಲಿ ಒಂದೊಂದು ಚುಕ್ಕೆ ಇಡುವ ಪದ್ಧತಿ ಇದೆ. ಕಂಪ್ಯೂಟರ್ ಬಂತೆಂದು ಅವರು ಅದನ್ನು ಬಿಡಲಿಲ್ಲ. ಇಂದು ವೆಬ್‌ನ ಮಾನದಂಡದಲ್ಲೇ ಆ ಚುಕ್ಕೆಗಳಿಗೆಂದು ಬೇರೆ ಸೂಚನೆ ಇದೆ. ತಮ್ಮ ಲಿಪಿಗೆ ಏನು ಬೇಕೆಂದು ಅಳೆದು, ಬರೆದು, ಹಟ ಹಿಡಿದು ಕೇಳಿದವರಿಗೆ ಜಗತ್ತು ಜಾಗ ಕೊಟ್ಟಿತು. ಕೇಳದೆ ಸುಮ್ಮನಿದ್ದವರಿಗೆ ಯಾರು ಕೊಡುತ್ತಾರೆ?

ಕಾಯೋಣ, ಯಾರಾದರೂ ದೊಡ್ಡ ಕಂಪನಿ ಸರಿಮಾಡುತ್ತದೆ ಎನ್ನುವವರಿಗೆ ಕನ್ನಡ ಗಣಕದ ಚರಿತ್ರೆಯೇ ಉತ್ತರ. ಕನ್ನಡದ ಧ್ವನಿಗೆ ಹೊಂದುವ ಕೀಲಿಮಣೆಯನ್ನು ಯೋಚಿಸಿ ರೂಪಿಸಿದವರು ಕೆ.ಪಿ. ರಾವ್. 1998ರಲ್ಲಿ 'ಬರಹ' ತಂತ್ರಾಂಶ ಕೊಟ್ಟವರು ಶೇಷಾದ್ರಿವಾಸು. 'ನುಡಿ'ಯನ್ನು ಕಟ್ಟಿದ್ದು ಕನ್ನಡ ಗಣಕ ಪರಿಷತ್ತು. ಕನ್ನಡಿಗರು ಕೂತು ಮಾಡಿದ್ದರಿಂದ ಇವು ಆದವು. ಕಾದದ್ದರಿಂದ ಏನೂ ಆಗಲಿಲ್ಲ. ಅಕ್ಷರ ಟೈಪಿಸುವ ಹೋರಾಟ ಗೆದ್ದವರು ಅಕ್ಷರ ಪರದೆಯ ಮೇಲೆ ಹೇಗೆ ಕಾಣಬೇಕು ಎಂಬ ಹೋರಾಟವನ್ನು ಅರ್ಧಕ್ಕೆ ಕೈಬಿಟ್ಟದ್ದು ಏಕೆ? ಅಂದಿನವರಿಗೆ ಮೂಲಸಂಕೇತ ಸುಲಭಕ್ಕೆ ಸಿಗುತ್ತಿರಲಿಲ್ಲ, ಯಂತ್ರದ ನೆನಪು ಸಾಲುತ್ತಿರಲಿಲ್ಲ, ಮಾನದಂಡ ಬಳಕೆಗೆ ಬಂದಿರಲಿಲ್ಲ. ಇಂದು ಇವೆಲ್ಲ ಇವೆ. ಇಲ್ಲದಿರುವುದು ನಮ್ಮ ಅಕ್ಷರದ ಮೇಲೆ ನಮಗೇ ಹಕ್ಕಿದೆ ಎಂಬ ಭಾವನೆ.

ಆ ಹಕ್ಕಿನ ಮಾತನ್ನು ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ನಿಂತು ಆಡಲು ಬೇರೆಯೇ ಕಾರಣ ಇದೆ. 1860ರಲ್ಲಿ ಬ್ರಿಟಿಷರು ಸುರಪುರ ಸಂಸ್ಥಾನವನ್ನು ನಿಜಾಮರಿಗೆ ಒಪ್ಪಿಸಿದರು. ನಿಜಾಮರ ಆಡಳಿತದಲ್ಲಿ ಉರ್ದು ಕಚೇರಿಯ ಭಾಷೆಯಾಯಿತು, ಕನ್ನಡ ಮನೆಯ ಒಳಗೆ ಉಳಿಯಿತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿ, 1956ರ ನವೆಂಬರ್ 1ರಂದು ಈ ಸೀಮೆ ಕನ್ನಡ ರಾಜ್ಯದೊಳಗೆ ಬಂದ ಮೇಲೆಯೇ ಇಲ್ಲಿನ ಕಚೇರಿಗಳಲ್ಲಿ ಕನ್ನಡ ಅಕ್ಷರಕ್ಕೆ ಪೂರ್ಣ ಬೆಳಕು ಸಿಕ್ಕಿದ್ದು. ಇಷ್ಟು ಕಷ್ಟಪಟ್ಟು ಪಡೆದ ಅಕ್ಷರ ಇದು. ಇದೇ ಜಿಲ್ಲೆಯ ಕೊಡೇಕಲ್ಲಿನ ಬಸವಣ್ಣನ ಪರಂಪರೆಯನ್ನು ನೆನೆಯಿರಿ. ಅಲ್ಲಿನವರು ತಮ್ಮ ಕಾಲಜ್ಞಾನವನ್ನು ಬರೆದಿಡಲು ಅಮರಗನ್ನಡ ಎಂಬ ಬೇರೆಯದೇ ಲಿಪಿಯನ್ನು ಬಳಸಿದರು. ತಮ್ಮ ಮಾತಿಗೆ ತಮ್ಮದೇ ಅಕ್ಷರ ಬೇಕೆಂದು ಒಂದು ಲಿಪಿಯನ್ನೇ ಕಟ್ಟಿಕೊಂಡವರ ನೆಲದಲ್ಲಿ, ಇರುವ ಲಿಪಿಯ ಕೆಳಗಿನ ಒಂದು ಗೆರೆಯನ್ನು ನಾಲ್ಕು ಪಿಕ್ಸೆಲ್ ಕೆಳಗೆ ಸರಿಸಲು ಆಗದು ಎಂದು ಕೂತಿರುವುದು ನಮಗೆ ಶೋಭಿಸುತ್ತದೆಯೆ?

ಪಿಕ್ಸೆಲ್ಲಿನ ಮಾತು ಇಷ್ಟು ಬೆಳೆಸಬೇಕೆ, ಜಿಲ್ಲೆಯಲ್ಲಿ ಬೇರೆ ಸಮಸ್ಯೆ ಇಲ್ಲವೆ ಎಂದು ಕೇಳುವವರು ಇರುತ್ತಾರೆ. ಇವೆ. ಗುಳೆ ಹೋಗುವ ಮನೆಗಳಿವೆ, ಶಿಕ್ಷಕರಿಲ್ಲದ ಶಾಲೆಗಳಿವೆ. ಆ ಸಮಸ್ಯೆಗಳ ಅರ್ಜಿ, ಆದೇಶ, ಪಹಣಿ, ನೋಟಿಸು ಎಲ್ಲ ಬರುವುದು ಯಾವುದರಲ್ಲಿ? ಕಂಪ್ಯೂಟರಿನಲ್ಲಿ ಟೈಪಾದ ಕನ್ನಡದಲ್ಲಿ. ಬಡವರು ಸರ್ಕಾರವನ್ನು ಭೇಟಿಯಾಗುವುದು ಆ ಕಾಗದದ ಮೇಲೆ. ಅಲ್ಲಿ ಅಕ್ಷರ ಸ್ಪಷ್ಟ ಇರುವುದು ಅಲಂಕಾರದ ಮಾತಲ್ಲ, ನ್ಯಾಯದ ಮಾತು. ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಈ ಭಾಗಕ್ಕೆ ವಿಶೇಷ ಸ್ಥಾನ ಪಡೆದೆವು. ಆ ಸ್ಥಾನ ಹುದ್ದೆಗಳ, ಸೀಟುಗಳ ಲೆಕ್ಕದಲ್ಲೇ ಮುಗಿಯಬಾರದು. ಹಿಂದುಳಿದ ನಾಡು ಎಂಬ ಪಟ್ಟ ಕಳಚಬೇಕಾದರೆ ಇಲ್ಲಿನವರು ಸಾಧನ ಬಳಸುವವರಷ್ಟೇ ಆಗಿ ಉಳಿಯದೆ, ಅದನ್ನು ತಿದ್ದುವವರೂ ಆಗಬೇಕು.

ಆದ್ದರಿಂದ ಕೇಳುತ್ತೇನೆ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೇಳುತ್ತೇನೆ. ಫಾಂಟ್ ತಯಾರಿಸುವವರೇ, ನಿಮ್ಮ ಫಾಂಟಿನಲ್ಲಿ ಅತಿ ಕೆಳಗಿಳಿಯುವ ಒತ್ತನ್ನು ಅಳೆಯಿರಿ, ಅಡಿಗೆರೆಯ ಅಂಕಿಯನ್ನು ಅದರ ಕೆಳಗೆ ಇಡಿ. ಸರ್ಕಾರದ ಹಣದಲ್ಲಿ ಬರುವ ಯಾವ ಕನ್ನಡ ಫಾಂಟನ್ನೂ ಈ ಪರೀಕ್ಷೆ ಇಲ್ಲದೆ ಒಪ್ಪಬಾರದು. ಇಲಾಖೆಗಳ ಜಾಲತಾಣ ಕಟ್ಟುವವರೇ, ಕನ್ನಡ ಪುಟಗಳಿಗೆ ಗೆರೆಯನ್ನು ಕೆಳಗಿಳಿಸುವ ಒಂದು ಸಾಲು ಸೇರಿಸಿ. ಅದಕ್ಕೆ ಟೆಂಡರು ಬೇಕಿಲ್ಲ. ಕನ್ನಡ ಅಭಿವೃದ್ಧಿ ಪ್ರಾಧಿಕಾರ ನಾಮಫ‌ಲಕಗಳಲ್ಲಿ ಕನ್ನಡ ಇದೆಯೇ ಎಂದು ನೋಡುವಷ್ಟೇ ಕಟ್ಟುನಿಟ್ಟಾಗಿ, ಪರದೆಯ ಮೇಲಿನ ಕನ್ನಡ ಓದುವಂತಿದೆಯೇ ಎಂದೂ ನೋಡಲಿ. ಡಿಟಿಪಿ ಅಂಗಡಿಗಳ ಅಣ್ಣಂದಿರೇ, ಮುಂದಿನ ಮದುವೆ ಪತ್ರಿಕೆಯಲ್ಲಿ, ಜಾತ್ರೆಯ ಕರಪತ್ರದಲ್ಲಿ ಅಡಿಗೆರೆಯ ಬಟನ್ ಒತ್ತುವ ಬದಲು ಸಾಲಿನ ಕೆಳಗೆ ಬೇರೆ ಗೆರೆ ಎಳೆಯಿರಿ. ಮೊಳೆ ಜೋಡಿಸುತ್ತಿದ್ದ ನಿಮ್ಮ ಹಿರಿಯರು ಅದನ್ನೇ ಮಾಡುತ್ತಿದ್ದರು.

ಕಾಲೇಜುಗಳ ಕಂಪ್ಯೂಟರ್ ಅಧ್ಯಾಪಕರಲ್ಲಿ ನನ್ನ ಬೇಡಿಕೆ ಎಲ್ಲಕ್ಕಿಂತ ದೊಡ್ಡದು. ಈ ವರ್ಷ ಯಾದಗಿರಿಯಲ್ಲಿ, ಶಹಾಪುರದಲ್ಲಿ, ಸುರಪುರದಲ್ಲಿ ಒಂದೊಂದು ಲ್ಯಾಬಿನಲ್ಲಾದರೂ ಈಮ್ಯಾಕ್ಸ್ ಹಾಕಿ. ಮಕ್ಕಳಿಗೆ ಅದರ ಫೇಸ್‌ಗಳ ಪಟ್ಟಿ ತೆರೆದು ತೋರಿಸಿ. ತಮ್ಮ ಊರಿನ ಹೆಸರು ಬರೆದು, ಅಡಿಗೆರೆ ಹಾಕಿ, ಒತ್ತು ಮುಚ್ಚಿದ್ದನ್ನು ಕಣ್ಣಾರೆ ಕಂಡು, ಅದನ್ನು ತಾವೇ ಸರಿಪಡಿಸಲಿ. ಆ ತಿದ್ದುಪಡಿಗಳನ್ನೆಲ್ಲ ಕೂಡಿಸಿ ಕನ್ನಡದಲ್ಲಿ ಬರೆಯುವವರಿಗೆಂದೇ ಒಂದು ಸಿದ್ಧ ಕಡತ ಮಾಡಿ, ಕನ್ನಡದಲ್ಲೇ ವಿವರಣೆ ಬರೆದು ನಾಡಿಗೆಲ್ಲ ಹಂಚಲಿ. ಬೇರೆ ತಂತ್ರಾಂಶಗಳ ದೋಷವನ್ನು ಚಿತ್ರ ಸಮೇತ ಬರೆದು ಅವುಗಳನ್ನು ಮಾಡಿದವರಿಗೆ ಕಳಿಸಲಿ, ಉತ್ತರ ಬರುವ ತನಕ ಮತ್ತೆ ಮತ್ತೆ ಕಳಿಸಲಿ. ಬೆಂಗಳೂರಿಗೆ ಹೋಗದೆ, ಯಾರ ಅಪ್ಪಣೆಯೂ ಬೇಡದೆ ನಮ್ಮ ಹುಡುಗ ಹುಡುಗಿಯರು ಮಾಡಬಲ್ಲ ಕೆಲಸ ಇದು. ಒಮ್ಮೆ ಒಂದು ಗೆರೆಯನ್ನು ತನ್ನ ಕೈಯಾರೆ ಸರಿಸಿದ ವಿದ್ಯಾರ್ಥಿ ಮುಂದೆ ಯಾವ ಪರದೆಯ ಮುಂದೆಯೂ ಕೊಟ್ಟದ್ದನ್ನು ಕಣ್ಣುಮುಚ್ಚಿ ಒಪ್ಪುವುದಿಲ್ಲ.

"ಸಾಕು ಬಿಡ್ರಿ" ಎಂಬ ಮಾತನ್ನು ಇನ್ನು ಬಿಡೋಣ. ಸಾಕಾಗಿಲ್ಲ. ಒಂದೇ ಒಂದು ಒತ್ತು ಮುಚ್ಚಿಹೋದರೂ ಆ ಪುಟ ಸರಿಯಾಗಿಲ್ಲ ಎಂದು ವಾಪಸು ಕಳಿಸೋಣ. ಕಚೇರಿಯ ನೋಟಿಸಾದರೂ ಸರಿ, ಪಠ್ಯಪುಸ್ತಕವಾದರೂ ಸರಿ, ನಮ್ಮದೇ ಸಂಘದ ಆಮಂತ್ರಣವಾದರೂ ಸರಿ, ತಿದ್ದಿ ತನ್ನಿ ಎಂದು ಹೇಳೋಣ. ಯಂತ್ರಕ್ಕೆ ನಮ್ಮ ಅಕ್ಷರದ ಅಳತೆ ಗೊತ್ತಿಲ್ಲದಿದ್ದರೆ ಕಲಿಸುವ ಹೊಣೆ ನಮ್ಮದು. ಆ ಹೊಣೆಯನ್ನು ಸಗರನಾಡು ಮೊದಲು ಹೊರಲಿ, ಉಳಿದ ಕನ್ನಡನಾಡು ನಮ್ಮಿಂದ ಕಲಿಯಲಿ.